ಎಡಗಡೆಯ ನೀರು

ಪರದೆಯ ಮೇಲೆ ಮೂರು ಚಿತ್ರ, ಮೂರರಲ್ಲೂ ಒಂದೇ ತಲೆ.
ಕೋಪಸ್ ಲೊರಿಂಟ್ಸ್, ವಯಸ್ಸು ಅರವತ್ತೆರಡು,
ಸೆಗೆಡ್ ಊರಿನ ಪಾಪ್ರಿಕ ಗಿರಣಿಯಲ್ಲಿ
ಮೆಣಸಿನ ಪುಡಿ ನೆಕ್ಕಿ ದರ್ಜೆ ಹೇಳುವವರು.
ನಾಲಿಗೆಯ ಬುಡದಲ್ಲಿ, ಬಲಕ್ಕೆ,
ಬಾದಾಮಿಯಷ್ಟು ಗಂಟು.

ಗಂಟಿಗೆ ಎಪ್ಪತ್ತು ಗ್ರೇ ಸಲ್ಲಲೇಬೇಕು,
ಮೂವತ್ತೈದು ಕಂತು. ಅಲ್ಲಿ ಚೌಕಾಶಿಯಿಲ್ಲ.
ಚೌಕಾಶಿಯೆಲ್ಲ ನೆರೆಹೊರೆಯವರ ಲೆಕ್ಕದಲ್ಲಿ:
ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿ ಎರಡು,
ದವಡೆ, ಬೆನ್ನುಹುರಿ,
ಏನೊಂದೂ ತಪ್ಪು ಮಾಡದ ನಾಲಿಗೆಯ ತುದಿ.

ಮೊದಲನೆಯದು ಹಳೆಯ ಪದ್ಧತಿ, ಹೋಲಿಕೆಗೆಂದು ಹಾಕಿದ್ದು.
ಎಡದಿಂದೊಂದು ಕಿರಣ, ಬಲದಿಂದೊಂದು,
ನಡುವೆ ಸಿಕ್ಕಿದ್ದೆಲ್ಲ ಕೆಂಪು.
ಇಲಿ ಬಂತೆಂದು ಮನೆಗೇ ಬೆಂಕಿ.
ನನಗೆ ಕೆಲಸ ಕಲಿಸಿದ ಪಿರೋಷ್ಕಾ ಮೇಡಂ
ಇದನ್ನೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು.
ಅವರ ರೋಗಿಗಳು ಜೇಬಿನಲ್ಲಿ ನೀರಿನ ಸೀಸೆ ಇಟ್ಟುಕೊಂಡೇ
ಬದುಕಿದರು.
ಬದುಕಿದರು ಅನ್ನುವುದನ್ನೂ ಹೇಳಬೇಕು.

ಎರಡನೆಯದರಲ್ಲಿ ಏಳು ದಿಕ್ಕು.
ಲೋಹದ ಎಲೆಗಳು ಬೆರಳಿನಂತೆ ಸರಿದು
ಒಂದಿಷ್ಟು ಬಿಟ್ಟು, ಒಂದಿಷ್ಟು ತಡೆದು.
ಎಡ ಗ್ರಂಥಿಗೆ ಇಪ್ಪತ್ತೈದು. ಮಿತಿ ಇಪ್ಪತ್ತಾರು.
ಪಾಸಾದೆವು, ಕೂದಲೆಳೆಯಲ್ಲಿ.

ಮೂರನೆಯದು ಕಮಾನು.
ಯಂತ್ರ ಸುತ್ತಲೂ ತಿರುಗುತ್ತ, ತಿರುಗುತ್ತಲೇ ಸುರಿಯುತ್ತ,
ಎರಡು ಸುತ್ತಿಗೆ ಮುಗಿಯಿತು.
ಎಡ ಗ್ರಂಥಿಗೆ ಹತ್ತೊಂಬತ್ತು!
ಕುರ್ಚಿಯಿಂದ ಎದ್ದೇಬಿಟ್ಟೆ.
ಆಮೇಲೆ ಕಂಡಿತು ನೀಲಿ:
ಕೆನ್ನೆ, ತುಟಿ, ಹಿಂದಲೆ, ಎಲ್ಲೆಲ್ಲೂ
ತೆಳ್ಳಗೆ ಹರಡಿದ ನೀಲಿ.
ಯಾರಿಗೂ ಬಹಳವಿಲ್ಲ, ಯಾರನ್ನೂ ಬಿಟ್ಟಿಲ್ಲ.
ನಾಲಿಗೆಯ ತುದಿಗೆ ಮೂವತ್ತಿದ್ದದ್ದು ಮೂವತ್ತಾರು.

ನಾಲ್ಕನೆಯದೊಂದಿದೆ, ಪ್ರೋಟಾನು. ಗಡಿಯಾಚೆ.
ಅದರ ಚಿತ್ರ ನನ್ನ ಬಳಿಯಿಲ್ಲ,
ಅದಕ್ಕೇ ಅದು ಅಷ್ಟು ಚೆಂದ.

ಡಾಕ್ಟರ್ ಇಲ್ಲೇಶ್ ಗೆರೆಗಳನ್ನು ನೋಡಿದರು.
ಬೇಗ ಇಳಿಯುವ ಗೆರೆ ಒಳ್ಳೆಯ ಗೆರೆ, ಅಷ್ಟೆ.
ಇಷ್ಟು ಮಾಂಸಕ್ಕೆ ಇಷ್ಟು ಡೋಸು ಎನ್ನುತ್ತದೆ ಗೆರೆ,
ಆ ಮಾಂಸಕ್ಕೆ ಏನು ಕೆಲಸವಿತ್ತು ಎನ್ನುವುದಿಲ್ಲ.

ಕೇಳುವುದು ನನ್ನ ಕೆಲಸವಲ್ಲ. ಆದರೂ ಕೇಳಿದೆ,
ಬಿಸಿ ಪ್ಲಾಸ್ಟಿಕ್ಕಿನ ಬಲೆ ಅವರ ಮುಖಕ್ಕೆ ಅಂಟಿ,
ಅಚ್ಚಾಗಿ, ಬಿಚ್ಚಿದ ಮೇಲೆ.
ಹಣೆಯ ತುಂಬ ಇನ್ನೂ ಚೌಕಳಿ ಗುರುತು.
ನೀರು ಬೇಕೋ, ರುಚಿ ಬೇಕೋ?

"ಖಾರ ರುಚಿಯಲ್ಲಮ್ಮ, ನೋವು.
ಅದು ಎಲ್ಲಿಗೂ ಹೋಗುವುದಿಲ್ಲ, ಬಿಡು.
ಒಣ ಬಾಯಿಗೆ ಪುಡಿ ಅಂಟಿಕೊಂಡರೆ ಮಾತ್ರ
ಸಿಹಿ ಮೆಣಸಿಗೂ ಇಟ್ಟಿಗೆ ಪುಡಿಗೂ
ವ್ಯತ್ಯಾಸ ತಿಳಿಯುವುದಿಲ್ಲ."
ಆಮೇಲೆ ಬಾಯಿ ತೆರೆದು ತೋರಿಸಿದರು:
ಪಟ್ಟಾಳದಲ್ಲಿದ್ದಾಗ ಬಲದವಡೆಯ ಹಲ್ಲು ಹೋದವಂತೆ,
ಅಂದಿನಿಂದ ಪುಡಿ ಎಡಗೆನ್ನೆಗೇ.

ಆ ರಾತ್ರಿ ಟಿಸಾ ನದಿಯ ಮೇಲೆ ಮಂಜು.
ಕಂಪ್ಯೂಟರಿಗೆ ಹೇಳಿದೆ: ಎಡವನ್ನು ಕಾಯಿ.
ತುದಿಯನ್ನೂ ಸ್ವಲ್ಪ ಕಾಯಿ.
ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಿತು,
ಚೀಲದೊಳಗಿನ ಬೆಕ್ಕಿನಂತೆ.
ಹನ್ನೊಂದನೆಯ ಸಲಕ್ಕೆ
ಎಡಕ್ಕೆ ಇಪ್ಪತ್ತೊಂದು, ತುದಿಗೆ ಮೂವತ್ಮೂರು.
ಬಲ ಗ್ರಂಥಿಯ ಮಾತು ನಾನು ಎತ್ತಲಿಲ್ಲ.
ಅದು ಗಂಟಿನ ಪಕ್ಕದ ಮನೆ.
ಸೊನ್ನೆ ಎಲ್ಲೂ ಬರಲಿಲ್ಲ. ಬರುವುದಿಲ್ಲ.
ಕಾಫಿ ಆರಿತ್ತು. ಸಹಿ ಹಾಕಿದೆ.

ಮುಂದಿನ ಶರತ್ಕಾಲ, ಮನೆಗಳ ಮುಂದೆ
ಮೆಣಸಿನ ಸರಗಳು ಒಣಗುವ ಹೊತ್ತಿಗೆ
ಒಂದು ಕಾರ್ಡು ಬಂತು.
ಮೂಲೆಯಲ್ಲಿ ಕೆಂಪು ಹೆಬ್ಬೆಟ್ಟಿನ ಗುರುತು,
ಮೂಸಿದರೆ ಸೀನು.

"ನಿನ್ನೆ ಬಾಯಲ್ಲಿ ನೀರೂರಿತು.
ಎಡಗಡೆ ಮಾತ್ರ.
ಏನನ್ನು ನೋಡಿ ಅಂತ ಕೇಳಬೇಡ,
ಈ ಕಾರ್ಡನ್ನು ಹೆಂಡತಿಯೂ ಓದುತ್ತಾಳೆ."